ಕುಂಬಾರನಿಗೆ ವರುಷ, ಸರ್ಕಾರಕ್ಕೆ ಐದು ದಿವಸ

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ." ಈ ಗಾದೆ ಕೇಳದವರು ನಮ್ಮ ಹಳ್ಳಿಗಳಲ್ಲಿ ಇಲ್ಲ. ವರ್ಷಗಟ್ಟಲೆ ಕೂತು ಮಾಡಿದ್ದನ್ನು ಒಂದೇ ಏಟಿಗೆ ಒಡೆಯಬಹುದು ಅಂತ ಅದರ ಅರ್ಥ. ಈಗ ದೊಣ್ಣೆ ಹಿಡಿದು ಯಾರೂ ಬರುವುದಿಲ್ಲ. ಹಾರ, ಬ್ಯಾನರು, ಸರ್ಟಿಫಿಕೇಟು ಹಿಡಿದುಕೊಂಡು ಬರುತ್ತಾರೆ. ಆದರೂ ಕುಂಬಾರಿಕೆ ಒಡೆಯುತ್ತಲೇ ಇದೆ. ಅದು ಹೇಗೆ ಅಂತ ನಾವು ಕಣ್ಣಾರೆ ನೋಡಿದ್ದನ್ನು ಹೇಳುತ್ತೇವೆ.

ಒಂದು ತಾಲ್ಲೂಕಿನಲ್ಲಿ ಕುಂಬಾರಿಕೆ ತರಬೇತಿ ನಡೆಯುತ್ತಿದೆ ಅಂತ ಗೊತ್ತಾಗಿ ವರದಿ ಮಾಡಲು ಹೋಗಿದ್ದೆವು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿ ಕೂಲಿ ಮಾಡುವ ಒಬ್ಬ ಅಜ್ಜಿಯ ಅನ್ನಕ್ಕೆ ಕುತ್ತು ಬರುತ್ತದೆ. ದೊಡ್ಡ ಹಾಲ್. ಸಾಲಾಗಿ ಕರೆಂಟಿನ ತಿಗರಿಗಳು. ಒಂದೊಂದರ ಮುಂದೆ ಒಬ್ಬೊಬ್ಬರು. ಅರ್ಧ ಜನ ತಲೆ ನೆರೆತ ಕುಂಬಾರರು, ನಲವತ್ತು ವರ್ಷ ತಿಗರಿ ತಿರುಗಿಸಿದವರು. ಇನ್ನರ್ಧ ಜನ ಅವರ ಮನೆಯ ಹುಡುಗರು, ಮಣ್ಣು ಮುಟ್ಟಿ ಗೊತ್ತಿಲ್ಲದವರು. ಹಿರಿಯರು ಮೊದಲ ದಿನ ಮಧ್ಯಾಹ್ನಕ್ಕೇ ಸ್ವಿಚ್ಚು, ಪೆಡಲು ಕಲಿತು ಸುಮ್ಮನೆ ಕೂತಿದ್ದರು. ಹುಡುಗರ ಮಣ್ಣು ಐದನೇ ದಿನವೂ ತಿಗರಿಯ ನಡುವಿಗೆ ಬರದೆ ಅತ್ತಿಂದಿತ್ತ ಓಲಾಡುತ್ತಿತ್ತು.

ಗೊತ್ತಿದ್ದವರಿಗೆ ಐದು ದಿನ ಬೇಕಾಗಿರಲಿಲ್ಲ. ಗೊತ್ತಿಲ್ಲದವರಿಗೆ ಐದು ದಿನ ಸಾಲಲಿಲ್ಲ.

ಹಾಲಿನ ಹಿಂದೆ, ತಗಡಿನ ಕೆಳಗೆ, ಒಬ್ಬ ಅಜ್ಜಿ ಮಣ್ಣು ತುಳಿಯುತ್ತಿದ್ದರು. ಒಳಗೆ ತಿರುಗುತ್ತಿದ್ದ ಅಷ್ಟೂ ಮಣ್ಣನ್ನು ನೆನೆಸಿ, ಕಲ್ಲು ಆರಿಸಿ, ಮರಳು ಬೆರೆಸಿ ಹದ ಮಾಡಿದ್ದು ಅವರೇ. ದಿನಗೂಲಿಗೆ ಕರೆಸಿದ್ದರಂತೆ. ಅವರ ಯಜಮಾನರು ಒಳಗೆ ತಿಗರಿಯ ಮುಂದೆ "ತರಬೇತಿ" ಪಡೆಯುತ್ತಿದ್ದರು.

"ಅಜ್ಜಿ, ನಿಮ್ಮ ಹೆಸರು ಬರಸಿಲ್ಲೇನ್ರಿ?" ಅಂತ ಕೇಳಿದೆವು.

"ಮನಿಗೊಂದ ಹೆಸರಂತೋ ತಮ್ಮಾ. ನಮ್ಮ ಮನ್ಯಾರದು ಐತಿ. ಅವರಿಗೆ ಕಣ್ಣು ಮಂಜಾಗಿ ಮೂರು ವರ್ಷ ಆತು, ತಿಗರಿ ಮುಟ್ಟಿಲ್ಲ. ಇರ್ಲಿ ಬಿಡು, ಕಾಗದದಾಗ ಅದಾರಲ್ಲ."

ಐದನೇ ದಿನ ಸಂಜೆ ಫೋಟೋ ಆಯಿತು. ಸರ್ಟಿಫಿಕೇಟು ಹಂಚಿದರು. ಅಧಿಕಾರಿಗಳ ಕಾರು ಹೋಯಿತು. ಆಮೇಲೆ ಹುಡುಗರು ಮಾಡಿದ್ದ ಹಸಿ ಮಡಕೆ, ಬಟ್ಟಲು, ಹಣತೆ ಎಲ್ಲವನ್ನೂ ತಂದು ಬಾನಿಯಲ್ಲಿ ಹಾಕಿ ಮತ್ತೆ ಕಲಸಿಬಿಟ್ಟರು. ಮುಂದಿನ ತಂಡಕ್ಕೆ ಅದೇ ಮಣ್ಣು. ಒಂದೇ ಒಂದು ಮಡಕೆಯೂ ಒಣಗಲಿಲ್ಲ, ಬೇಯಲಿಲ್ಲ, ನೀರು ಹಿಡಿಯಲಿಲ್ಲ.

ಬೇಯದ ಮಡಕೆಗೆ ಸರ್ಟಿಫಿಕೇಟು ಕೊಡುವ ಈ ಪದ್ಧತಿಯ ವಿರುದ್ಧ ನಮ್ಮ ತಕರಾರು.

ನಿಯಮ ಏನು ಹೇಳುತ್ತದೆ

ಒಂದು ಕೇಂದ್ರದವರನ್ನು ಬೈದು ಮುಗಿಸುವ ಮಾತಲ್ಲ ಇದು. ಅವರು ಮೇಲಿನಿಂದ ಬಂದ ನಿಯಮದಂತೆ ನಡೆಯುತ್ತಾರೆ. ಆದ್ದರಿಂದ ನಿಯಮವನ್ನೇ ನೋಡೋಣ.

ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ಶುರುವಾದದ್ದು 2023ರ ಸೆಪ್ಟೆಂಬರ್ 17ರಂದು. 18 ಕಸುಬುಗಳಿಗೆ ಅನ್ವಯಿಸುತ್ತದೆ, ಕುಂಬಾರಿಕೆ ಅದರಲ್ಲೊಂದು. ಮೂಲ ತರಬೇತಿ 5ರಿಂದ 7 ದಿನ, ಅಂದರೆ 40 ಗಂಟೆ. ಬಯಸಿದವರಿಗೆ 15 ದಿನಗಳ, 120 ಗಂಟೆಯ ಮುಂದುವರಿದ ತರಬೇತಿ. ತರಬೇತಿಯಲ್ಲಿದ್ದಾಗ ದಿನಕ್ಕೆ 500 ರೂಪಾಯಿ ಭತ್ಯೆ. ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ನೆರವು. 5 ಪರ್ಸೆಂಟ್ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ, ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಸೌಲಭ್ಯ. ಇದಕ್ಕೂ ಮೊದಲು, 2018ರಲ್ಲಿ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕುಂಬಾರರಿಗೆ ಕರೆಂಟಿನ ತಿಗರಿ ಹಂಚುವ ಕಾರ್ಯಕ್ರಮ ಶುರು ಮಾಡಿತ್ತು.

ದುಡ್ಡು ಬೇಡ ಅಂತ ನಾವು ಹೇಳುವುದಿಲ್ಲ. ಐನೂರು ರೂಪಾಯಿ ಭತ್ಯೆ ಕುಂಬಾರರ ಮನೆಗೆ ಸಣ್ಣ ದುಡ್ಡಲ್ಲ. ಬಡ್ಡಿ ವ್ಯಾಪಾರಿಗಳ ಹತ್ತಿರ ಹೋಗುವುದಕ್ಕಿಂತ 5 ಪರ್ಸೆಂಟಿನ ಸಾಲ ಎಷ್ಟೋ ಮೇಲು. ಯಾರಿಗೆ ಸಿಗುತ್ತದೋ ಅವರು ತಗೊಳ್ಳಿ, ಬಿಡಬೇಡಿ.

"ಈ ಯೋಜನೆ ಕಸುಬು ಗೊತ್ತಿದ್ದವರಿಗೆ, ಹೊಸಬರಿಗಲ್ಲ" ಅಂತ ಅಧಿಕಾರಿಗಳು ಹೇಳುತ್ತಾರೆ. ಸರಿ, ನಿಯಮದಲ್ಲಿ ಹಾಗೇ ಇದೆ. ಹಾಗಾದರೆ ನಮ್ಮ ಪ್ರಶ್ನೆ ಒಂದೇ: ಹೊಸಬರಿಗೆ ಕಲಿಸುವವರು ಯಾರು? ಅಜ್ಜ ಕಲಿಸುತ್ತಾರೆ ಅಂದರೆ, ಮೊಮ್ಮಗ ಬೆಂಗಳೂರಿನಲ್ಲಿ ಡೆಲಿವರಿ ಮಾಡುತ್ತಿದ್ದಾನೆ. ಶಾಲೆ ಕಲಿಸುತ್ತದೆ ಅಂದರೆ, ಶಾಲೆಯಲ್ಲಿ ಮಣ್ಣು ಮುಟ್ಟಿದರೆ ಕೈ ತೊಳೆದು ಬಾ ಅನ್ನುತ್ತಾರೆ. ಗೊತ್ತಿದ್ದವರು ಕಣ್ಣೆದುರೇ ಮುಗಿಯುತ್ತಿದ್ದಾರೆ. ಗೊತ್ತಿಲ್ಲದವರ ಕೈಗೆ ಒಂದು ಮೆಷಿನ್ ಕೊಟ್ಟು "ಕುಂಬಾರಿಕೆ ಉಳಿಯಿತು" ಅಂತ ಲೆಕ್ಕ ಬರೆಯುತ್ತಿದ್ದಾರೆ.

ತಿಗರಿ ಕೊನೆಯ ಪಾಠ, ಮೊದಲನೆಯದಲ್ಲ

ಆ ಅಜ್ಜಿಯ ಊರು ತುಂಗಭದ್ರೆಯ ಕಡೆ. ತರಬೇತಿ ಮುಗಿದ ಮೇಲೆ ನಮ್ಮ ಗುಂಪಿನ ಮೂವರು ಅವರ ಮನೆಗೆ ಹೋಗಿ "ನಮಗೂ ಕಲಿಸ್ರಿ" ಅಂತ ಕೂತೆವು. ಭಾನುವಾರ ಭಾನುವಾರ ಹೋದೆವು. ಬರೆಯುವವರಿಗೆ ಕೈ ಕೆಸರಾಗದೆ ಬುದ್ಧಿ ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ನಾವು ಸೀದಾ ತಿಗರಿಯ ಕಡೆ ನೋಡಿದೆವು. ಅಜ್ಜಿ ನಕ್ಕರು. "ಅದು ಅಲ್ಲೇ ಇರ್ತೈತಿ, ಓಡಿ ಹೋಗೂದಿಲ್ಲ. ಮೊದಲು ಮಣ್ಣಿನ ಗುರ್ತು ಮಾಡ್ಕೋರಿ."

ಮೊದಲ ಎರಡು ಭಾನುವಾರ ಬರೀ ಮಣ್ಣು. ಕೆರೆಯಿಂದ ತಂದ ಹೆಂಟೆಯನ್ನು ಬಿಸಿಲಿಗೆ ಒಣಗಿಸು, ಕುಟ್ಟು, ನೆನೆಸು. ಚೆನ್ನಾಗಿ ಒಣಗಿದ ಮಣ್ಣು ನೀರಿನಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ, ಅರೆ ಹಸಿ ಇದ್ದದ್ದು ಗಂಟುಗಂಟಾಗಿ ಉಳಿಯುತ್ತದೆ. ಇದೇ ನಮ್ಮ ಮೊದಲ ಪಾಠ. ಆಮೇಲೆ ಕಲ್ಲು, ಬೇರು ಆರಿಸು. ಮರಳು ಬೆರೆಸು. ತುಳಿ. ಹಿಮ್ಮಡಿಯಿಂದ ತುಳಿಯುತ್ತಾ ಸುತ್ತು ಬರಬೇಕು. ಪಾದಕ್ಕೆ ಒಂದು ಸಣ್ಣ ಹರಳು ಸಿಕ್ಕರೂ ನಿಂತು ತೆಗೆಯಬೇಕು. ಆ ಹರಳು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೇ ಕಾಣುತ್ತದೆ. ತುಳಿದ ಮಣ್ಣನ್ನು ದಾರದಿಂದ ಕೊಯ್ದು ನೋಡಿದರೆ ಒಳಗೆ ಗಾಳಿಯ ತೂತು ಇರಬಾರದು.

ಮೂರನೇ ವಾರದಿಂದ ಕೈಗೆಲಸ. ಮುಷ್ಟಿಯಷ್ಟು ಮಣ್ಣು ಉಂಡೆ ಮಾಡಿ, ಹೆಬ್ಬೆರಳು ಊರಿ, ತಿರುಗಿಸುತ್ತಾ ಒತ್ತುತ್ತಾ ಬಟ್ಟಲು ಮಾಡುವುದು. ಹೋಳಿಗೆಗೆ ಹೂರಣ ತುಂಬುವ ಮೊದಲು ಕಣಕವನ್ನು ಬಟ್ಟಲು ಮಾಡುತ್ತಾರಲ್ಲ, ಹಾಗೆಯೇ. ನಮ್ಮ ಗುಂಪಿನ ಹುಡುಗಿಗೆ ಎರಡನೇ ಸಲಕ್ಕೇ ಬಂತು. ನಮ್ಮಿಬ್ಬರು ಹುಡುಗರಿಗೆ ಬಟ್ಟಲಿನ ಒಂದು ಕಡೆ ಹಪ್ಪಳ, ಒಂದು ಕಡೆ ಇಟ್ಟಿಗೆ. ಯಾಕೆ ಅಂತ ಅಜ್ಜಿಯನ್ನು ಕೇಳಬೇಕಾಗಲಿಲ್ಲ. ನಾವು ಮನೆಯಲ್ಲಿ ಹೋಳಿಗೆ ತಿಂದಿದ್ದೆವೇ ಹೊರತು ಒಂದನ್ನೂ ಮಾಡಿರಲಿಲ್ಲ.

ಅದಾದ ಮೇಲೆ ಮಣ್ಣನ್ನು ಹಗ್ಗದ ಹಾಗೆ ಹೊಸೆದು, ಚಕ್ಕುಲಿ ಸುತ್ತಿದ ಹಾಗೆ ಒಂದರ ಮೇಲೊಂದು ಸುತ್ತಿ ಗೋಡೆ ಎಬ್ಬಿಸುವುದು. ಆಮೇಲೆ ರೊಟ್ಟಿ ತಟ್ಟಿದ ಹಾಗೆ ತಟ್ಟಿ ಹಲ್ಲೆ ಮಾಡಿ ಜೋಡಿಸುವುದು. ಜೋಡಿಸುವಾಗ ಎರಡೂ ಅಂಚನ್ನು ಕಡ್ಡಿಯಿಂದ ಗೀರಿ, ತೆಳು ಕೆಸರು ಹಚ್ಚಿ ಒತ್ತಬೇಕು. ಗೀರದೆ ಅಂಟಿಸಿದರೆ ಅಂಟಿದ ಹಾಗೆ ಕಾಣುತ್ತದೆ, ಒಣಗಿದಾಗ ಬಿಟ್ಟುಕೊಳ್ಳುತ್ತದೆ. ಒಂದು ತುಂಡು ಹೆಚ್ಚು ಒಣಗಿ ಇನ್ನೊಂದು ಹಸಿಯಾಗಿದ್ದರೂ ಅದೇ ಗತಿ. ಮಣ್ಣು ಒಣಗುತ್ತಾ ಕುಗ್ಗುತ್ತದೆ, ಎರಡೂ ಕಡೆ ಒಂದೇ ಸಮ ಕುಗ್ಗಬೇಕು.

ಇದೆಲ್ಲ ಮಕ್ಕಳಾಟ ಅನ್ನಿಸಬಹುದು. ಆದರೆ ಗೋಡೆ ಎಷ್ಟು ದಪ್ಪ ಇದೆ ಅಂತ ನೋಡದೆ ಬೆರಳಿನಿಂದಲೇ ಹೇಳುವುದು, ಮಣ್ಣು ಯಾವಾಗ ಕುಸಿಯುತ್ತದೆ ಅಂತ ಕುಸಿಯುವ ಮೊದಲೇ ತಿಳಿಯುವುದು, ಎಷ್ಟು ನೀರು ಹೆಚ್ಚು ಎಷ್ಟು ಕಡಿಮೆ ಅಂತ ಅಂಗೈಗೆ ಗೊತ್ತಾಗುವುದು, ಇವೆಲ್ಲ ಈ ಕೈಗೆಲಸದಲ್ಲಿ ಬರುತ್ತವೆ. ತಿಗರಿಯ ಮೇಲೆ ಬರುವುದಿಲ್ಲ. ತಿಗರಿ ಯಾರಿಗೂ ಕಾಯುವುದಿಲ್ಲ. ಕೈಯಲ್ಲಿ ಮಾಡುವಾಗ ಮಣ್ಣು ನಿಮ್ಮ ವೇಗಕ್ಕೆ ನಿಲ್ಲುತ್ತದೆ, ತಪ್ಪು ಕಾಣುತ್ತದೆ, ತಿದ್ದಲು ಸಮಯ ಇರುತ್ತದೆ. ತಿಗರಿಯ ಮೇಲೆ ತಪ್ಪು ಕಾಣುವಷ್ಟರಲ್ಲಿ ಮಡಕೆ ಬಿದ್ದಿರುತ್ತದೆ.

ಮನುಷ್ಯ ಕಲಿತದ್ದೂ ಇದೇ ಕ್ರಮದಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಕೆಳಗಿನ ಪದರದಲ್ಲಿ, ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ಕಾಲದಲ್ಲಿ, ಸಿಕ್ಕಿದ್ದು ಹೆಚ್ಚಾಗಿ ಕೈಯಲ್ಲೇ ಮಾಡಿದ ಒರಟು ಬೂದು ಮಡಕೆಗಳು. ತಿರುಗಿಸಿ ಮಾಡಿದ ನುಣುಪು ಮಡಕೆಗಳು ಅದರ ಮೇಲಿನ ಪದರಗಳಲ್ಲಿ, ಬಹಳ ಕಾಲದ ನಂತರ ಬರುತ್ತವೆ. ಈ ನೆಲ ಎಷ್ಟೋ ಶತಮಾನ ಕೈಯಲ್ಲಿ ಕಲಿತು ಆಮೇಲೆ ತಿಗರಿ ಹತ್ತಿತು. ನಾವು ಕೈಯನ್ನು ಬಿಟ್ಟು ನೇರ ತಿಗರಿ ಹತ್ತಿಸುತ್ತೇವೆ ಅಂತ ಹೊರಟಿದ್ದೇವೆ.

ಇನ್ನು ದೂರದ ಮಾತು ಯಾಕೆ? ಉತ್ತರ ಕರ್ನಾಟಕದ ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತಾರೆ. ಆಷಾಢದಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಾಡುತ್ತಾರೆ. ಭಾದ್ರಪದದಲ್ಲಿ ಕುಂಬಾರರ ಮನೆಯಲ್ಲಿ ಜೋಕುಮಾರ ಹುಟ್ಟುತ್ತಾನೆ. ಇದೆಲ್ಲ ಕೈಗೆಲಸ, ತಿಗರಿ ಬೇಕಿಲ್ಲ. ಎತ್ತಿನ ಕೊಂಬು ಬೀಳದಂತೆ ಕೂರಿಸುವುದು ಹೇಗೆ ಅಂತ ಏಳು ವರ್ಷದ ಮಗು ಕಲಿಯುತ್ತಿತ್ತು. ಈಗ ಅದನ್ನೂ ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದು ಸಂತೆಯಲ್ಲಿ ಮಾರುತ್ತಾರೆ, ನಾವೂ ಕೊಂಡು ತರುತ್ತೇವೆ. ಕುಂಬಾರಿಕೆಯ ಅಂಗನವಾಡಿಯನ್ನು ನಾವೇ ಮುಚ್ಚಿದ್ದೇವೆ. ಇದರಲ್ಲಿ ಸರ್ಕಾರದ ತಪ್ಪಿಲ್ಲ, ನಮ್ಮದೇ.

ಕೈ ನಿಲ್ಲಬೇಕು

ಮೂರು ತಿಂಗಳಾದ ಮೇಲೆ ಅಜ್ಜ ನಮ್ಮನ್ನು ತಿಗರಿಗೆ ಕೂರಿಸಿದರು. ಅವರಿಗೆ ಕಣ್ಣು ಮಂಜು, ಆದರೆ ನಮ್ಮ ಮಣ್ಣಿನ ಸಪ್ಪಳ ಕೇಳಿಯೇ ತಪ್ಪು ಹೇಳುತ್ತಿದ್ದರು.

ಕೋಲಿನಿಂದ ತಿರುಗಿಸುವ ಹಳೆಯ ಭಾರದ ತಿಗರಿ. ರಭಸವಾಗಿ ತಿರುಗಿಸಿ ಕೋಲು ಬದಿಗಿಡಬೇಕು. ಆ ರಭಸ ಇಳಿಯುವುದರೊಳಗೆ ಮಣ್ಣನ್ನು ನಡುವಿಗೆ ತಂದು, ಹೆಬ್ಬೆರಳು ಊರಿ ಬಾಯಿ ತೆರೆದು, ಒಳಗೊಂದು ಹೊರಗೊಂದು ಕೈ ಹಿಡಿದು ಗೋಡೆ ಎತ್ತಬೇಕು. ನಡುವಿಗೆ ತರುವುದೇ ದೊಡ್ಡ ಕಷ್ಟ. ಮಣ್ಣು ಕೈಯನ್ನು ತಳ್ಳುತ್ತದೆ, ಕೈ ಅದರ ಜೊತೆ ಕುಣಿಯುತ್ತದೆ. ಕೈ ಕುಣಿದರೆ ಮಡಕೆ ಸೊಟ್ಟ.

"ತಿಗರಿ ತಿರಗ್ತೈತಿ, ಮಣ್ಣು ತಿರಗ್ತೈತಿ. ನಿನ್ನ ಕೈ ನಿಂದ್ರಬೇಕು" ಅಂದರು ಅಜ್ಜ.

ಮೊಣಕೈಯನ್ನು ತೊಡೆಗೆ ಒತ್ತಿಕೊಂಡು, ಉಸಿರು ಹಿಡಿದು, ಕೈ ನಿಲ್ಲಿಸಲು ನಮಗೆ ಎಷ್ಟೋ ಭಾನುವಾರ ಬೇಕಾದವು. ಒಂದು ಮುದ್ದೆಯ ತುದಿಯಿಂದ ಒಂದಾದ ಮೇಲೊಂದು ಹಣತೆ ತೆಗೆದು ದಾರದಿಂದ ಕೊಯ್ಯುವಷ್ಟು ಕಲಿತೆವು. ಗಡಿಗೆ ಇನ್ನೂ ಬಂದಿಲ್ಲ. ಬರುತ್ತದೆ ಅಂತ ಸುಳ್ಳು ಸರ್ಟಿಫಿಕೇಟು ನಮಗೆ ಬೇಡ.

ಈಗ ಹೇಳಿ, 40 ಗಂಟೆಯಲ್ಲಿ ಯಾರ ಕೈ ನಿಲ್ಲುತ್ತದೆ?

ತಿಗರಿಯಿಂದ ಇಳಿದದ್ದು ಅರ್ಧ ಮಡಕೆ

ಪೇಟೆಯವರಿಗೆ ಗೊತ್ತಿಲ್ಲದ, ಹಳ್ಳಿಯವರೂ ಮರೆತ ಒಂದು ಸಂಗತಿ ಇದೆ. ನಮ್ಮ ನೀರಿನ ಕೊಡ, ಗಡಿಗೆ, ಗುಡಾಣಗಳು ತಿಗರಿಯ ಮೇಲೆ ಪೂರ್ತಿ ಆಗುವುದಿಲ್ಲ. ತಿಗರಿಯ ಮೇಲೆ ಆಗುವುದು ಬಾಯಿ, ಕಂಠ ಮತ್ತು ದಪ್ಪ ಗೋಡೆ. ತಳವೇ ಇರುವುದಿಲ್ಲ. ಅದನ್ನು ಕೊಯ್ದು ಇಳಿಸಿ ಸ್ವಲ್ಪ ಆರಲು ಬಿಟ್ಟು, ಒಳಗೆ ಒಂದು ದುಂಡು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ತಟ್ಟುತ್ತಾ ಹೊಟ್ಟೆ ಹಿಗ್ಗಿಸಿ, ತಳ ಮುಚ್ಚಿ, ಗೋಡೆ ತೆಳು ಮಾಡಬೇಕು. ಕೊಡ ದುಂಡಗಾಗುವುದು, ಹಗುರಾಗುವುದು, ಗಟ್ಟಿಯಾಗುವುದು ಆ ತಟ್ಟುವಿಕೆಯಿಂದ.

ಆ ತಟ್ಟುವಿಕೆ ಪೂರ್ತಿ ಕೈಗೆಲಸ. ಬಹಳಷ್ಟು ಕುಂಬಾರರ ಮನೆಗಳಲ್ಲಿ ಮಣ್ಣು ಹದ ಮಾಡುವುದು, ತಟ್ಟುವುದು, ಕೆಮ್ಮಣ್ಣು ಬಳಿಯುವುದು, ಉಜ್ಜಿ ಹೊಳಪು ಕೊಡುವುದು, ಸಂತೆಗೆ ಹೊರುವುದು ಇವುಗಳಲ್ಲಿ ಹೆಂಗಸರ ಪಾಲು ದೊಡ್ಡದು. ಆದರೆ ಹೆಂಗಸರು ತಿಗರಿ ಮುಟ್ಟಬಾರದು ಅನ್ನುವ ಕಟ್ಟುಪಾಡು ಬಹಳ ಕಡೆ ಇತ್ತು, ಈಗಲೂ ಕೆಲವೆಡೆ ಇದೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನೆಯ ಕಟ್ಟುಪಾಡು ಹೇಳುತ್ತದೆ: ತಿಗರಿ ಗಂಡಸಿನದು. ಸರ್ಕಾರ ಹೇಳುತ್ತದೆ: ಮನೆಗೊಂದೇ ಹೆಸರು, ಕುಂಬಾರಿಕೆ ಅಂದರೆ ತಿಗರಿ. ಎರಡೂ ಸೇರಿದರೆ ಯಾರ ಹೆಸರು ಹೋಗುತ್ತದೆ? ಅಜ್ಜಿಯ ಹೆಸರು ಯಾಕೆ ಬರಲಿಲ್ಲ ಅನ್ನುವುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ. ನಿಯಮದಲ್ಲಿ "ಹೆಂಗಸರಿಗೆ ಇಲ್ಲ" ಅಂತ ಎಲ್ಲೂ ಬರೆದಿಲ್ಲ. ಬರೆಯುವ ಅಗತ್ಯವೇ ಬೀಳಲಿಲ್ಲ.

ಕೈಗೆಲಸವನ್ನು ಕೀಳಾಗಿ ನೋಡುವವರು ಮಣಿಪುರದ ಕಡೆ ನೋಡಲಿ. ಉಖ್ರುಲ್ ಜಿಲ್ಲೆಯ ಲೋಂಗ್‌ಪಿಯಲ್ಲಿ ತಾಂಗ್‌ಖುಲ್ ನಾಗಾ ಜನ ಕಲ್ಲಿನ ಪುಡಿ ಮತ್ತು ಜೇಡಿಮಣ್ಣು ಕಲಸಿ, ತಿಗರಿ ಇಲ್ಲದೆ, ಕಪ್ಪು ಪಾತ್ರೆಗಳನ್ನು ಮಾಡುತ್ತಾರೆ. ಆ ಪಾತ್ರೆಗಳು ಒಲೆಯ ಮೇಲೆ ಅಡುಗೆಗೆ ನಿಲ್ಲುತ್ತವೆ, ದೊಡ್ಡ ಪಟ್ಟಣಗಳ ಅಂಗಡಿಗಳಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತವೆ. ಅದೇ ರಾಜ್ಯದ ಆಂಡ್ರೋದಲ್ಲಿ ತಿಗರಿ ಇಲ್ಲದೆ ಮಡಕೆ ಮಾಡುವವರು ಹೆಂಗಸರು. ತಿಗರಿ ಇಲ್ಲದ ಕಾರಣಕ್ಕೆ ಇವರು ಕುಂಬಾರರಲ್ಲ ಅಂತ ಯಾರು ಹೇಳುತ್ತಾರೆ?

ಮಣ್ಣೂ ಇಲ್ಲ, ಬೆಂಕಿಯೂ ಇಲ್ಲ

ತಿಗರಿ ಕೊಟ್ಟರು. ಮಣ್ಣು ಎಲ್ಲಿಂದ?

"ಮೊದಲು ಕೆರಿಯಾಗ ಗುದ್ದಲಿ ಹಿಡ್ಕೊಂಡು ಇಳೀತಿದ್ವಿ. ಮ್ಯಾಲಿನ ಹೂಳು ಸರಿಸಿ ಕೆಳಗಿನ ಎರಿ ತಗೀತಿದ್ವಿ. ಈಗ ಜೇಸಿಬಿ ಬಂದು ಎಲ್ಲಾ ಕಲಿಸಿ ಟ್ರ್ಯಾಕ್ಟರಿಗೆ ತುಂಬ್ತೈತಿ. ನಾವು ಒಂದು ಬುಟ್ಟಿ ತಂದ್ರ ಕೇಳ್ತಾರ" ಅಂದರು ಅಜ್ಜಿ.

ಇಲ್ಲಿ ಓದುಗರು ಒಂದು ವಿಷಯ ನೆನಪಿಡಿ. ಕೇಂದ್ರ ಪರಿಸರ ಸಚಿವಾಲಯದ 2016ರ ಜನವರಿ 15ರ ಅಧಿಸೂಚನೆಯ ಪ್ರಕಾರ, ಕುಂಬಾರರು ತಮ್ಮ ರೂಢಿಯಂತೆ ಮಡಕೆ, ಹಣತೆ, ಆಟಿಕೆ ಮಾಡಲು ಕೈಯಿಂದ ಸಾಮಾನ್ಯ ಜೇಡಿಮಣ್ಣು, ಮರಳು ತೆಗೆಯುವುದಕ್ಕೆ ಪರಿಸರ ಅನುಮತಿ ಬೇಕಿಲ್ಲ. 2020ರ ಮಾರ್ಚ್ 28ರ ತಿದ್ದುಪಡಿಯಲ್ಲೂ ಈ ವಿನಾಯಿತಿ ಇದೆ. ಆದರೆ ಪರಿಸರ ಅನುಮತಿ ಬೇಡ ಅಂದ ಮಾತ್ರಕ್ಕೆ ಕೆರೆಯಲ್ಲಿ ಮಣ್ಣಿನ ಜಾಗ ಸಿಕ್ಕಂತಾಗಲಿಲ್ಲ. ಅದನ್ನು ಊರು ಗೊತ್ತು ಮಾಡಬೇಕು.

ಇನ್ನು ಬೆಂಕಿ. ಹದವಾಗಿ ಮಾಡಿದ ಗಡಿಗೆಯನ್ನು ನೆರಳಿನಲ್ಲಿ ದಿನಗಟ್ಟಲೆ ಒಣಗಿಸಬೇಕು. ಬಿಸಿಲಿಗಿಟ್ಟರೆ ಅಂಚು ಬೇಗ ಒಣಗಿ ಬಿರುಕು ಬಿಡುತ್ತದೆ. ಆವಿಗೆಯಲ್ಲಿ ಕುಳ್ಳು, ಕಟ್ಟಿಗೆ, ಹುಲ್ಲು ಪೇರಿಸಿ, ಒಡೆದ ಬೋಕಿಗಳಿಂದ ಮುಚ್ಚಿ, ಮೊದಲು ಸಣ್ಣ ಉರಿ ಕೊಡಬೇಕು. ಒಳಗಿನ ತೇವ ನಿಧಾನ ಹೋಗಬೇಕು. ಅವಸರ ಮಾಡಿದರೆ ಆ ತೇವವೇ ಹಬೆಯಾಗಿ ಮಡಕೆಯನ್ನು ಸಿಡಿಸುತ್ತದೆ. ಸುಮಾರು 600 ಡಿಗ್ರಿ ಶಾಖ ದಾಟಿದ ಮೇಲೆ ಮಣ್ಣು ಮತ್ತೆ ಕೆಸರಾಗುವುದಿಲ್ಲ, ಅಲ್ಲಿಂದ ಅದು ಮಡಕೆ. ಆಮೇಲೂ ಅವಸರ ಮಾಡಿ ಬಿಸಿ ಆವಿಗೆ ತೆರೆದರೆ ತಣ್ಣನೆ ಗಾಳಿಗೆ ಬಿರುಕು. ತೆಗೆದ ಮೇಲೆ ಬೆರಳಿನಿಂದ ಬಾರಿಸಿ ನೋಡಬೇಕು. ಗಂಟೆಯ ಹಾಗೆ ಕೇಳಿದರೆ ಗಟ್ಟಿ, ಬೊದ್ದು ಸದ್ದು ಬಂದರೆ ಎಲ್ಲೋ ಬಿರುಕು. ಕುಂಬಾರ ಗುಂಡಯ್ಯ ಗಡಿಗೆ ಬಾರಿಸಿದರೆ ಶಿವನೇ ಬಂದು ಕುಣಿದ ಅಂತ ಹರಿಹರ ರಗಳೆ ಬರೆದ. ಬೇಯದ ಮಡಕೆ ಬಾರಿಸಿದ್ದರೆ ಯಾರು ಕುಣಿಯುತ್ತಿದ್ದರು?

ಐದು ದಿನದ ತರಬೇತಿಯಲ್ಲಿ ಈ ಬೆಂಕಿಯ ಪಾಠ ಹಿಡಿಸುವುದೇ ಇಲ್ಲ. ಒಣಗಲೇ ಅಷ್ಟು ದಿನ ಬೇಕು. ಹಾಗಾಗಿ ಬಾನಿಗೆ ಹಾಕಿ ಕಲಸುತ್ತಾರೆ.

ನಮಗೆ ಎದುರು ಹೇಳುವವರಿಗೆ

"ಕರೆಂಟಿನ ತಿಗರಿ ಬೇಡ ಅಂತೀರಾ?" ಖಂಡಿತ ಇಲ್ಲ. ಭಾರದ ತಿಗರಿಯನ್ನು ದಿನವಿಡೀ ಕೋಲಿನಿಂದ ತಿರುಗಿಸಿ ಸೊಂಟ, ಭುಜ ಕಳೆದುಕೊಂಡವರನ್ನು ನಾವು ನೋಡಿದ್ದೇವೆ. ರಟ್ಟೆಯ ಬಲ ಬೇಡದ ತಿಗರಿ ಬಂದರೆ ಹೆಂಗಸರೂ ಕೂರಬಹುದು, ಹಳೆಯ ಕಟ್ಟುಪಾಡು ಮುರಿಯಬಹುದು. ಒಳ್ಳೆಯದೇ. ಆದರೆ ಮೆಷಿನ್ ಕೆಲಸವನ್ನು ಹಗುರ ಮಾಡುತ್ತದೆ, ಕೆಲಸ ಕಲಿಸುವುದಿಲ್ಲ. ಟ್ರ್ಯಾಕ್ಟರ್ ಕೊಟ್ಟರೆ ಬೇಸಾಯ ಬರುತ್ತದೆಯೇ?

"ಮಡಕೆ ಯಾರು ಕೊಳ್ಳುತ್ತಾರೆ?" ಈ ಪ್ರಶ್ನೆ ನಿಜ. ಪ್ಲಾಸ್ಟಿಕ್ ಕೊಡ, ಸ್ಟೀಲು, ಫ್ರಿಜ್ಜು ಬಂದಿವೆ. ಗೆಲ್ಲುವುದು ಕಷ್ಟ. ಆದರೆ ಬೇಸಿಗೆಯಲ್ಲಿ ಹೆದ್ದಾರಿ ಬದಿ ನಲ್ಲಿ ಇಟ್ಟ ಮಣ್ಣಿನ ಮಡಕೆಗಳನ್ನು ಕಾರು ನಿಲ್ಲಿಸಿ ಕೊಳ್ಳುವುದನ್ನು ನೋಡಿಲ್ಲವೇ? ಅವುಗಳಲ್ಲಿ ಬಹಳಷ್ಟು ಬೇರೆ ರಾಜ್ಯದಿಂದ ಲಾರಿಯಲ್ಲಿ ಬಂದವು. ಕೊಳ್ಳುವವರು ಇದ್ದಾರೆ, ನಮ್ಮೂರಲ್ಲಿ ಅದನ್ನು ಮಾಡುವ ಕೈ ಇಲ್ಲ. ಅರೆಬರೆ ಕಲಿತವರು ಮಾಡಿದ ಮಡಕೆ ವಾರಕ್ಕೇ ಸೋರಿದರೆ ಕೊಂಡವರು ಮತ್ತೆ ಬರುವುದಿಲ್ಲ. ಮಾರುಕಟ್ಟೆ ಹಾಳಾಗುವುದು ಹಾಗೂ ಉಂಟು.

"ಜಾತಿ ಕಸುಬಿಗೆ ಮತ್ತೆ ಕಟ್ಟಿಹಾಕುತ್ತೀರಾ?" ಇದು ಎಲ್ಲಕ್ಕಿಂತ ತೂಕದ ಪ್ರಶ್ನೆ. ನಮ್ಮಲ್ಲಿ ಒಬ್ಬರು ಕುಂಬಾರರ ಮನೆಯವರು. ಅವರ ಅಪ್ಪ "ನೀನು ಮಾತ್ರ ಈ ಕೆಸರಿಗೆ ಇಳಿಯಬೇಡ" ಅಂತ ಹೊಟ್ಟೆ ಕಟ್ಟಿ ಓದಿಸಿದರು. ಆ ಮಾತಿನ ಹಿಂದಿನ ಅವಮಾನ ನಮಗೆ ಗೊತ್ತು. ಕುಂಬಾರರ ಮಗು ಡಾಕ್ಟರಾಗಲಿ, ಡ್ರೈವರಾಗಲಿ, ಯಾರೂ ತಡೆಯಬಾರದು. ಅದಕ್ಕೇ ಹೇಳುತ್ತಿದ್ದೇವೆ, ಈ ಕಲಿಕೆ ಎಲ್ಲರ ಮಕ್ಕಳಿಗೂ ತೆರೆದಿರಲಿ, ಶಾಲೆಗೇ ಬರಲಿ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಯಾವ ಜಾತಿಯವರಾದರೂ ದುಡ್ಡು ಕೊಟ್ಟು ವಾರಾಂತ್ಯಕ್ಕೆ ಮಣ್ಣಿನ ಕೆಲಸ ಕಲಿಯುತ್ತಾರೆ, ಅಲ್ಲಿ ಅದು ಕಲೆ. ಹಳ್ಳಿಯಲ್ಲಿ ಅದೇ ಮಣ್ಣು ಜಾತಿ. ಈ ಭೇದ ಹೋಗಬೇಕಾದರೆ ಕಲಿಸುವ ಅಜ್ಜಿಯನ್ನು ಮೇಷ್ಟ್ರು ಅಂತ ಕರೆದು, ಮೇಷ್ಟ್ರ ಸಂಬಳ ಕೊಡಬೇಕು.

ನಾವು ಕೇಳುವುದು

ಒಂದು, ಕಲಿಕೆ ಕೈಯಿಂದ ಶುರುವಾಗಲಿ. ಮಣ್ಣು ಗುರುತಿಸುವುದರಿಂದ ಹಿಡಿದು, ಕೈಗೆಲಸ, ತಿಗರಿ, ತಟ್ಟುವುದು, ಒಣಗಿಸುವುದು, ಸುಡುವುದರ ತನಕ ಒಂದು ಪೂರ್ತಿ ಸುತ್ತು ಮುಗಿಯದೆ ಸರ್ಟಿಫಿಕೇಟು ಬೇಡ. ಬೆಂದ ಮಡಕೆಯೇ ಪರೀಕ್ಷೆ. ನೀರು ತುಂಬಿ ಇಡಿ, ಸೋರದಿದ್ದರೆ ಪಾಸು.

ಎರಡು, ಕಲಿಕೆ ಊರಿನಲ್ಲೇ ನಡೆಯಲಿ, ಊರಿನ ಮಣ್ಣಿನಲ್ಲೇ ನಡೆಯಲಿ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ. ಇರಲಿ. ಆದರೆ ಕೋಲಾರದ, ಚಾಮರಾಜನಗರದ ಹೆಣ್ಣುಮಗಳು ಮನೆ ಬಿಟ್ಟು ಅಲ್ಲಿಗೆ ಹೋಗಿ ಕಲಿಯುವುದು ಆಗದ ಮಾತು. ಪ್ರತಿ ಊರಿನ ಮಣ್ಣಿಗೂ ಬೇರೆ ಬೇರೆ ಹದ.

ಮೂರು, ಮನೆಗೊಂದು ಹೆಸರು ಅನ್ನುವ ನಿಯಮ ಕುಂಬಾರಿಕೆಯ ಮಟ್ಟಿಗಾದರೂ ಬದಲಾಗಲಿ. ಇದು ಒಬ್ಬರ ಕಸುಬಲ್ಲ, ಗಂಡ ಹೆಂಡತಿ ಇಬ್ಬರದು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಈ ಯೋಜನೆಯ ಅರ್ಜಿಯ ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಆಗುತ್ತದೆ. ಅರ್ಜಿ ಹಾಕುವ ಮೊದಲು ಮನೆಯಲ್ಲಿ ಕೂತು ಮಾತಾಡಿ: ಈಗ ನಿಜವಾಗಿ ಕೆಲಸ ಮಾಡುತ್ತಿರುವವರು ಯಾರು? ಅವರ ಹೆಸರು ಬರೆಸಿ.

ನಾಲ್ಕು, ಮುಂದಿನ ಗ್ರಾಮಸಭೆಯಲ್ಲಿ ಕೆರೆ ಹೂಳಿನ ಮಾತು ಬಂದಾಗ ಕುಂಬಾರರ ಮಣ್ಣಿಗೆ ಒಂದು ಮೂಲೆ ಗುರುತು ಮಾಡಿ ಅಂತ ಕೇಳಿ, ಠರಾವಿನಲ್ಲಿ ಬರೆಸಿ. ಯಾರಾದರೂ ತಕರಾರು ಮಾಡಿದರೆ ಮೇಲೆ ಹೇಳಿದ 2016ರ ಅಧಿಸೂಚನೆಯ ಹೆಸರು ಹೇಳಿ.

ಐದನೆಯದು ಸರ್ಕಾರಕ್ಕಲ್ಲ, ನಮಗೇ. ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಕೊಂಡು ತರಬೇಡಿ. ಮಕ್ಕಳ ಕೈಗೆ ಮಣ್ಣು ಕೊಡಿ. ಕೊಂಬು ಬೀಳಲಿ, ಕಾಲು ಸೊಟ್ಟಾಗಲಿ, ಮತ್ತೆ ಮಾಡಲಿ.

ಕಳೆದ ಭಾನುವಾರ ಅಜ್ಜಿಯ ಮನೆಯ ಆವಿಗೆ ತೆರೆದರು. ನಾವು ಮಾಡಿದ ಹನ್ನೊಂದು ಹಣತೆಗಳಲ್ಲಿ ನಾಲ್ಕು ಬಿರುಕು ಬಿಟ್ಟಿದ್ದವು, ಏಳು ಗಟ್ಟಿ ಇದ್ದವು. ಅಜ್ಜಿ ಒಂದೊಂದನ್ನೇ ಬೆರಳಿನಿಂದ ಬಾರಿಸಿ ನೋಡಿ ಏಳನ್ನು ಈ ಕಡೆ, ನಾಲ್ಕನ್ನು ಆ ಕಡೆ ಇಟ್ಟರು. "ಇವು ನಾಕೂ ಬೋಕಿ. ಮುಂದಿನ ಆವಿಗಿ ಮುಚ್ಚಾಕ ಬರ್ತಾವು, ಒಗಿಬ್ಯಾಡ್ರಿ" ಅಂದರು.

ನಮಗೆ ಸಿಕ್ಕ ಸರ್ಟಿಫಿಕೇಟು ಅದು. ಕೊಟ್ಟವರ ಹೆಸರು ಮಾತ್ರ ಇನ್ನೂ ಯಾವ ರಿಜಿಸ್ಟರಿನಲ್ಲೂ ಇಲ್ಲ.